ಬಾಲದ ಗರಿ ಎಣಿಸಿ, ಆಮೇಲೆ ದುಡ್ಡು ಎಣಿಸಿ: ಹಳೇ ಬೆಳ್ಳಿ ಡಾಲರ್ ಆರಿಸುವವರಿಗೆ

ಅಮೆರಿಕದಲ್ಲಿರುವ ನಮ್ಮವರಲ್ಲಿ ನಾಣ್ಯದ ಹುಚ್ಚು ಹತ್ತಿದವರು ಸುಮಾರು ಜನ ಇದ್ದಾರೆ. ಊರಿಂದ ಬರುವಾಗ ಒಂದೆರಡು ವಿಕ್ಟೋರಿಯಾ ರೂಪಾಯಿ ತಂದಿರುತ್ತಾರೆ. ಇಲ್ಲಿ ಯಾವುದೋ ನಾಣ್ಯ ಮೇಳಕ್ಕೆ ಹೋದಾಗ ಮೊದಲ ಸಲ ಮಾರ್ಗನ್ ಡಾಲರ್ ಕೈಗೆ ತಗೊಳ್ಳುತ್ತಾರೆ. ಅಂಗೈ ತುಂಬುವ ಬೆಳ್ಳಿ, ಒಳ್ಳೇ ಭಾರ. ಅಲ್ಲಿಗೆ ಮುಗಿಯಿತು. ಮಾರನೇ ವಾರ ನನಗೆ ಫೋನ್ ಬರುತ್ತದೆ: "ಎರಡು ಡಾಲರ್ ನೋಡಿಟ್ಟಿದ್ದೀನಿ. ಒಂದು ಸಾಧಾರಣದ್ದು. ಇನ್ನೊಂದು ಅಪರೂಪದ ವೆರೈಟಿ ಅಂತ ನಾಲ್ಕು ಪಟ್ಟು ಕೇಳ್ತಿದ್ದಾರೆ. ಯಾವುದು ತಗೊಳ್ಳಲಿ?"

ಇದಕ್ಕೆ ಉತ್ತರ ಹೇಳಬೇಕಾದರೆ ಎರಡು ವಿಷಯ ಗೊತ್ತಾಗಬೇಕು. ನಾಣ್ಯ ಅಸಲಿಯೇ? ಅಸಲಿಯಾದರೆ, ಅದರ ಮೇಲೆ ಕಾಣುವ ವ್ಯತ್ಯಾಸ ಅಚ್ಚಿನಲ್ಲೇ ಇದ್ದದ್ದೇ, ಇಲ್ಲಾ ಆಮೇಲೆ ಆದದ್ದೇ? ವೆರೈಟಿ, ಅಂದರೆ ಅಚ್ಚಿನಲ್ಲೇ ಇದ್ದ ವ್ಯತ್ಯಾಸದಿಂದ ಆದ ಬಗೆ, ಹುಡುಕೋದು ಒಂದು ವಿದ್ಯೆ, ಖೋಟಾ ಹಿಡಿಯೋದು ಇನ್ನೊಂದು ವಿದ್ಯೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಷ್ಟು ವರ್ಷ ಭೂತಗನ್ನಡಿ ಹಿಡಿದ ಮೇಲೆ ನನಗೆ ಅನ್ನಿಸಿರುವುದು, ಎರಡೂ ಒಂದೇ ವಿದ್ಯೆ. ಅಚ್ಚನ್ನು ಓದಲು ಬಂದರೆ ಎರಡೂ ಬರುತ್ತದೆ. ಅದನ್ನು ಅಗ್ಗದ ನಾಣ್ಯದ ಮೇಲೆ ಕಲಿತು, ಆಮೇಲೆ ದುಬಾರಿ ನಾಣ್ಯಕ್ಕೆ ಹೋಗಿ ಅನ್ನುವುದು ನನ್ನ ಸಲಹೆ.

ಯಾವ ಡಾಲರಿನಿಂದ ಶುರು ಮಾಡೋದು

ಬೆಳ್ಳಿ ಡಾಲರ್ ಅಂದರೆ ಒಂದೇ ನಾಣ್ಯ ಅಲ್ಲ. 1794ರಿಂದ 1935ರವರೆಗೆ ಹಲವು ಬಗೆ ಬಂದಿವೆ.

ತೀರಾ ಹಳೆಯವು, ಅಂದರೆ 1804ಕ್ಕೆ ಮುಂಚಿನವು, ಅಚ್ಚಿನ ವೆರೈಟಿಗಳ ಗಣಿ. ಆಗ ನಕ್ಷತ್ರ, ಅಕ್ಷರ, ಅಂಕಿಗಳನ್ನೆಲ್ಲ ಪ್ರತಿ ಅಚ್ಚಿಗೂ ಕೈಯಿಂದ ಬಡಿದು ಕೂರಿಸುತ್ತಿದ್ದರು. ಒಂದು ಅಚ್ಚಿನಂತೆ ಇನ್ನೊಂದಿಲ್ಲ. ನೋಡಲು ಬಹಳ ಚೆಂದ, ಆದರೆ ಬೆಲೆಯೂ ಹಾಗೇ ಇದೆ. ಇವುಗಳ ಅಂಚಿನಲ್ಲಿ ಗೀರುಗಳಿಲ್ಲ, ಅಕ್ಷರಗಳಿವೆ: 'ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯುನಿಟ್'. ಅಂಚಿನಲ್ಲಿ ಗೀರು ಇರುವ 1799ರ ಡಾಲರ್ ಯಾರಾದರೂ ತೋರಿಸಿದರೆ ಉಳಿದದ್ದನ್ನು ನೋಡುವ ಅಗತ್ಯವೇ ಇಲ್ಲ. ಇನ್ನು 1804 ಅಂತ ಬರೆದಿರುವ ಡಾಲರ್ ಕಂಡರೆ ಕೈಮುಗಿದು ಮುಂದೆ ಹೋಗಿ. ಅಸಲಿ ಇರುವುದು ಬೆರಳೆಣಿಕೆಯಷ್ಟು ಮಾತ್ರ. ಅವುಗಳಲ್ಲಿ ಒಂದೂ 1804ರಲ್ಲಿ ಅಚ್ಚಾದದ್ದಲ್ಲ. 1834ರ ಸುಮಾರಿಗೆ ಸಯಾಮಿನ ರಾಜನಿಗೆ, ಮಸ್ಕತ್ತಿನ ಸುಲ್ತಾನನಿಗೆ ಉಡುಗೊರೆ ಕೊಡಲು ಮೊದಲ ಕೆಲವನ್ನು ಮಾಡಿಸಿದರು. ಒಂದೊಂದರ ಹಿಂದೆಯೂ ನಾಣ್ಯಲೋಕದ ಕಣ್ಣಿದೆ.

ಟ್ರೇಡ್ ಡಾಲರ್ 1873ರಲ್ಲಿ ಬಂತು. ಚೀನಾ ವ್ಯಾಪಾರಕ್ಕೆಂದೇ ಮಾಡಿದ್ದು, ತೂಕ 27.22 ಗ್ರಾಂ. ಚೀನಾದ ವರ್ತಕರು ಬೆಳ್ಳಿ ಪರೀಕ್ಷೆ ಮಾಡಿ ತಮ್ಮ ಮುದ್ರೆ ಒತ್ತುತ್ತಿದ್ದರು. ನಮ್ಮ ಚಿನಿವಾರರು ಮೊಗಲರ ಕಾಲದ ರೂಪಾಯಿಗಳ ಮೇಲೆ ಗುರುತು ಹಾಕುತ್ತಿದ್ದರಲ್ಲ, ಅದೇ ತರಹ. ಈ ಮುದ್ರೆಗಳಿರುವ ಡಾಲರ್ ನನಗೆ ಬಹಳ ಇಷ್ಟ. ಆದರೆ ಹಳೇ ಅಮೆರಿಕನ್ ನಾಣ್ಯಗಳಲ್ಲಿ ಖೋಟಾ ಬಹಳ ಜಾಸ್ತಿ ಇರುವವುಗಳಲ್ಲಿ ಇದೂ ಒಂದು. ಪ್ರವಾಸಿಗಳ ಸಂತೆಗಳಲ್ಲಿ ರಾಶಿ ಹಾಕಿ ಮಾರುತ್ತಾರೆ. ಹೊಸಬರಿಗೆ ಬೇಡ.

ಪೀಸ್ ಡಾಲರ್ 1921ರಿಂದ 1935ರವರೆಗಿನದು. ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಕಣ್ಣಿಗೆ ಸುಲಭವಾಗಿ ಕಾಣುವ ವೆರೈಟಿಗಳು ಕಡಿಮೆ. 1964ನೇ ಇಸವಿ ಹಾಕಿರುವ ಪೀಸ್ ಡಾಲರ್ ಅಂತ ಯಾರಾದರೂ ಕೊಟ್ಟರೆ ತಗೊಳ್ಳಬೇಡಿ. ಡೆನ್ವರಿನಲ್ಲಿ 3,16,076 ಅಚ್ಚು ಹಾಕಿ, ಎಲ್ಲವನ್ನೂ ಕರಗಿಸಿಬಿಟ್ಟರು.

ಉಳಿದದ್ದು ಮಾರ್ಗನ್. 1878ರಿಂದ 1904, ಆಮೇಲೆ 1921ರಲ್ಲಿ ಒಂದು ವರ್ಷ. ವಿನ್ಯಾಸ ಮಾಡಿದವರು ಇಂಗ್ಲೆಂಡಿನಿಂದ ಬಂದ ಕೆತ್ತನೆಗಾರ ಜಾರ್ಜ್ ಮಾರ್ಗನ್. ಮುಂಬದಿಯಲ್ಲಿರುವ ಲಿಬರ್ಟಿ, ಅಂದರೆ ಸ್ವಾತಂತ್ರ್ಯದೇವಿಯ ಮುಖಕ್ಕೆ ಮಾದರಿಯಾದವರು ಫಿಲಡೆಲ್ಫಿಯಾದ ಶಾಲಾ ಶಿಕ್ಷಕಿ ಅನಾ ವಿಲ್ಲೆಸ್ ವಿಲಿಯಮ್ಸ್. ತೂಕ 26.73 ಗ್ರಾಂ, ಅಡ್ಡಳತೆ 38.1 ಮಿಲಿಮೀಟರ್, ನೂರಕ್ಕೆ 90 ಪಾಲು ಬೆಳ್ಳಿ, 10 ಪಾಲು ತಾಮ್ರ. ಈ ಅಂಕಿಗಳನ್ನು ಬಾಯಿಪಾಠ ಮಾಡಿಬಿಡಿ, ಮುಂದೆ ಬೇಕಾಗುತ್ತವೆ. ಸಾಧಾರಣ ಇಸವಿಯವು ಬೆಳ್ಳಿ ದರಕ್ಕಿಂತ ಸ್ವಲ್ಪ ಮೇಲೆ ಸಿಗುತ್ತವೆ. ವೆರೈಟಿಗಳು ಸಾವಿರಗಟ್ಟಲೆ. ಶುರು ಮಾಡಲು ಇದಕ್ಕಿಂತ ಒಳ್ಳೇದಿಲ್ಲ.

ಎಷ್ಟು ಅಚ್ಚಾಯಿತು ಅನ್ನುವ ಲೆಕ್ಕ ನೋಡಿ ಅಪರೂಪ ಅಂತ ತೀರ್ಮಾನಿಸಬೇಡಿ. 1918ರಲ್ಲಿ ಪಿಟ್‌ಮನ್ ಕಾಯ್ದೆ ಅಂತ ಒಂದು ಬಂತು. ಅದರಡಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ಕರಗಿಸಿದರು. ಅದರಲ್ಲಿ ಸುಮಾರು 26 ಕೋಟಿ ನಾಣ್ಯದ ಬೆಳ್ಳಿ ಹೋದದ್ದು ಎಲ್ಲಿಗೆ ಗೊತ್ತೇ? ನಮ್ಮ ದೇಶಕ್ಕೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳುತ್ತಿದ್ದರು. ಸರ್ಕಾರದ ಹತ್ತಿರ ಬೆಳ್ಳಿ ಇರಲಿಲ್ಲ. ಆಗ ಬ್ರಿಟನ್ ಅಮೆರಿಕದಿಂದ ಬೆಳ್ಳಿ ಕೊಂಡು ಭಾರತಕ್ಕೆ ಕಳಿಸಿತು. ಒಂದು ಮಾರ್ಗನ್ ಡಾಲರಿನ ಬೆಳ್ಳಿಯಲ್ಲಿ ಎರಡೂಕಾಲು ರೂಪಾಯಿ ಆಗುತ್ತದೆ. ಮನೆಯ ದೇವರ ಪೆಟ್ಟಿಗೆಯಲ್ಲಿರುವ 1918ರ ಜಾರ್ಜ್ ರೂಪಾಯಿ ಹಿಂದೆ ಮಾರ್ಗನ್ ಡಾಲರ್ ಆಗಿದ್ದಿರಬಹುದು. ಈ ವಿಷಯ ತಿಳಿದ ದಿನದಿಂದ ನಾನು ಅಮ್ಮ ಪೂಜೆಗೆ ಇಡುವ ರೂಪಾಯಿಯನ್ನು ಬೇರೆ ಕಣ್ಣಿನಿಂದ ನೋಡುತ್ತೇನೆ.

ಯಾವ ಇಸವಿಯವು ಎಷ್ಟು ಕರಗಿದವು ಅಂತ ಯಾರೂ ಬರೆದಿಡಲಿಲ್ಲ. 1903-ಓ ಡಾಲರ್ (ಇಸವಿಯ ಮುಂದಿನ ಅಕ್ಷರ ಅಚ್ಚಾದ ಟಂಕಸಾಲೆಯ ಗುರುತು, ಓ ಅಂದರೆ ನ್ಯೂ ಆರ್ಲಿಯನ್ಸ್) ದಶಕಗಳ ಕಾಲ ಮಹಾ ಅಪರೂಪ ಅಂತ ಹೆಸರಾಗಿತ್ತು. 1962ರಲ್ಲಿ ಖಜಾನೆಯಿಂದ ಅದರ ಚೀಲಗಳೇ ಹೊರಬಂದವು, ಬೆಲೆ ಕುಸಿಯಿತು.

1878: ನಿಮ್ಮ ಮೊದಲ ಪಾಠ

ನನ್ನನ್ನು ಕೇಳಿದರೆ ಮೊದಲು ಕೊಳ್ಳಬೇಕಾದದ್ದು 1878ರ ಫಿಲಡೆಲ್ಫಿಯಾ ಡಾಲರ್, ಅದೂ ಒಂದಲ್ಲ, ಎರಡು. ಸವಕಲಾದರೂ ಪರವಾಗಿಲ್ಲ, ಹಿಂಬದಿಯ ಹದ್ದಿನ ಬಾಲ ಕಾಣಬೇಕು ಅಷ್ಟೆ. ಆ ಒಂದೇ ವರ್ಷದಲ್ಲಿ ಅಲ್ಲಿ ನಾಲ್ಕು ಬಗೆ ಬಂದವು.

ಮೊದಲು ಬಂದದ್ದರಲ್ಲಿ ಹದ್ದಿನ ಬಾಲಕ್ಕೆ ಎಂಟು ಗರಿ. ಸುಮಾರು ಏಳೂವರೆ ಲಕ್ಷ ಅಚ್ಚಾದವು. ಅಮೆರಿಕದ ನಾಣ್ಯಗಳ ಮೇಲೆ ಹದ್ದಿಗೆ ಬೆಸ ಸಂಖ್ಯೆಯ ಗರಿ ಇರುವುದು ವಾಡಿಕೆ. ಹಾಗಾಗಿ ಏಳಕ್ಕೆ ಇಳಿಸಿದರು. ಡಾಲರ್ ಬೇಗ ಬೇಕು ಅಂತ ಒತ್ತಡ ಬೇರೆ ಇತ್ತು. ಎಂಟು ಗರಿಯ ಕೆಲವು ಅಚ್ಚುಗಳ ಮೇಲೆಯೇ ಏಳು ಗರಿಯ ತಾಯಿಅಚ್ಚನ್ನು (ಅಚ್ಚುಗಳನ್ನೇ ಮಾಡಲು ಬಳಸುವ ಮೂಲ) ಮತ್ತೆ ಒತ್ತಿದರು. ಈಗ ಆ ನಾಣ್ಯಗಳನ್ನು ನೋಡಿದರೆ ಏಳು ಗರಿಗಳ ಕೆಳಗೆ ಹಳೇ ಗರಿಗಳ ಚೂಪು ತುದಿಗಳು ಇಣುಕುತ್ತವೆ. ಇದನ್ನೇ 'ಎಂಟರ ಮೇಲೆ ಏಳು' ಅನ್ನುತ್ತಾರೆ. ಆಮೇಲೆ ಶುದ್ಧ ಏಳು ಗರಿ ಬಂತು, ಅದರಲ್ಲಿ ಎರಡು ಬಗೆ. ಹದ್ದಿನ ಎಡ-ಬಲ ಕಾಲುಗಳಲ್ಲಿ ಬಾಣಗಳೂ ಕೊಂಬೆಯೂ ಇವೆಯಲ್ಲ, ಬಾಣಗಳ ಹಿಂಬದಿಯ ಗರಿ ನೋಡಿ. ಎಲ್ಲಕ್ಕಿಂತ ಮೇಲಿನ ಗರಿ ಬಾಣದ ಕಡ್ಡಿಗೆ ಸಮವಾಗಿ ಹೋಗಿದ್ದರೆ ಅದು '1878ರ ಹಿಂಬದಿ'. ಓರೆಯಾಗಿದ್ದರೆ '1879ರ ಹಿಂಬದಿ'. ಎದೆಯೂ ಬೇರೆ. ಮೊದಲನೆಯದರಲ್ಲಿ ಹದ್ದಿನ ಎದೆ ಚಪ್ಪಟೆ, ಎರಡನೆಯದರಲ್ಲಿ ಉಬ್ಬು.

ಎರಡು ನಾಣ್ಯ ಪಕ್ಕಪಕ್ಕ ಇಟ್ಟುಕೊಳ್ಳಿ. ಹತ್ತು ಪಟ್ಟಿನ ಭೂತಗನ್ನಡಿ ಕಣ್ಣಿಗೆ ಹತ್ತಿರ ಹಿಡಿದು, ನಾಣ್ಯವನ್ನು ಅದರ ಕಡೆಗೆ ತನ್ನಿ. ದೀಪ ಮೇಲಿಂದ ಬೇಡ, ಪಕ್ಕದಿಂದ ಬರಲಿ. ನಾಣ್ಯವನ್ನು ಮೆಲ್ಲಗೆ ತಿರುಗಿಸಿ. ಗರಿಯ ಕೆಳಗಿನ ತುದಿ ಒಂದು ಕೋನದಲ್ಲಿ ಮಿಂಚಿ ಇನ್ನೊಂದರಲ್ಲಿ ಮಾಯವಾಗುತ್ತದೆ. ಆ ತುದಿಗಳು ಉಬ್ಬಿಕೊಂಡಿರುತ್ತವೆ, ಬುಡ ನಾಣ್ಯದ ಮೈಯೊಳಗೆ ಕಲೆತುಹೋಗಿರುತ್ತದೆ. ಅಚ್ಚಿನಿಂದ ಬಂದದ್ದು ಹೇಗಿರುತ್ತದೆ ಅನ್ನುವುದನ್ನು ನಿಮ್ಮ ಕಣ್ಣು ಇಲ್ಲಿ ಕಲಿಯುತ್ತದೆ. ನೂರು ಲೇಖನ ಓದಿದರೂ ಇಷ್ಟು ಬರುವುದಿಲ್ಲ.

ಒಂದೊಂದು ಜೋಡಿ ಅಚ್ಚಿಗೂ ಒಂದು ಸಂಖ್ಯೆ ಇದೆ. ವ್ಯಾನ್ ಆಲೆನ್, ಮ್ಯಾಲಿಸ್ ಎಂಬ ಇಬ್ಬರು ಈ ಪಟ್ಟಿ ಮಾಡಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ 'ವ್ಯಾಮ್' ಅನ್ನುವ ಹೆಸರು ಬಂತು. ಮಾರುವವರು ವ್ಯಾಮ್ ಸಂಖ್ಯೆ ಹೇಳಿದ ತಕ್ಷಣ ಬೆಲೆ ಏರಬೇಕಾಗಿಲ್ಲ. ಮಾರ್ಗನ್ ಡಾಲರ್ ಅಂದ ಮೇಲೆ ಪ್ರತಿಯೊಂದಕ್ಕೂ ಯಾವುದೋ ಒಂದು ವ್ಯಾಮ್ ಸಂಖ್ಯೆ ಇದ್ದೇ ಇರುತ್ತದೆ. ಅಂಕಿ ಕೂದಲೆಳೆಯಷ್ಟು ಸರಿದದ್ದಕ್ಕೂ ಸಂಖ್ಯೆ ಇದೆ. ಬೇಡಿಕೆ ಇರುವುದು ಅವುಗಳಲ್ಲಿ ಕೆಲವಕ್ಕೆ ಮಾತ್ರ.

ಒಂದೇ ಗುರುತು, ಬೇರೆ ಬೇರೆ ಅರ್ಥ

ಎರಡೆರಡಾಗಿ ಕಾಣುವ ಅಕ್ಷರವನ್ನೇ ತಗೊಳ್ಳಿ. ಆಗಿನ ಕಾಲಕ್ಕೆ ತಾಯಿಅಚ್ಚನ್ನು ಒಂದೇ ಏಟಿಗೆ ಒತ್ತಿ ಅಚ್ಚು ಮಾಡಲು ಆಗುತ್ತಿರಲಿಲ್ಲ. ಒತ್ತಿ, ಕಾಯಿಸಿ ಮೆತ್ತಗೆ ಮಾಡಿ, ಮತ್ತೆ ಒತ್ತುತ್ತಿದ್ದರು. ಎರಡನೇ ಸಲ ಚೂರು ಸರಿದರೆ ಅಚ್ಚಿನಲ್ಲೇ ಎರಡು ರೂಪ ಮೂಡುತ್ತದೆ. 1888-ಓ ಡಾಲರಿನಲ್ಲಿ ಇದರ ಪ್ರಸಿದ್ಧ ಉದಾಹರಣೆ ಇದೆ. ಲಿಬರ್ಟಿಯ ತುಟಿ, ಮೂಗು, ಗಲ್ಲ ಎಲ್ಲವೂ ಎರಡೆರಡು. 'ಹಾಟ್ ಲಿಪ್ಸ್' ಅನ್ನುತ್ತಾರೆ. ಕನ್ನಡಿ ಇಲ್ಲದೆಯೂ ಕಾಣುತ್ತದೆ.

ಆದರೆ ಎರಡೆರಡಾಗಿ ಕಂಡದ್ದೆಲ್ಲ ಇದೇ ಅಲ್ಲ. ನಾಣ್ಯ ಒತ್ತುವಾಗ ಅಚ್ಚು ಸಡಿಲವಾಗಿದ್ದು ಅಲುಗಿದರೆ ಅಕ್ಷರದ ಪಕ್ಕ ಕೊಯ್ದ ಹಾಗೆ ಒಂದು ಚಪ್ಪಟೆ ಮೆಟ್ಟಿಲು ಬೀಳುತ್ತದೆ. ಇದಕ್ಕೆ ಯಾರೂ ಜಾಸ್ತಿ ಕೊಡುವುದಿಲ್ಲ. ಇವೆರಡರ ಮಧ್ಯೆ ಆರಿಸುವುದು ಹೇಗೆ? ಅಕ್ಷರದ ಮೂಲೆ ನೋಡಿ. ಅಚ್ಚಿನಲ್ಲೇ ಎರಡಾಗಿದ್ದರೆ ಮೂಲೆಯಲ್ಲಿ ಕಚ್ಚು ಬಿದ್ದಂತೆ ಸೀಳು ಕಾಣುತ್ತದೆ, ಎರಡು ರೂಪವೂ ದುಂಡಗೆ ಇರುತ್ತವೆ, ಅಕ್ಷರ ದಪ್ಪಗಾಗಿರುತ್ತದೆ. ಅಲುಗಿದ್ದರಲ್ಲಿ ಅಕ್ಷರವೇ ಸವೆದು ತೆಳ್ಳಗಾಗಿ ಪಕ್ಕದಲ್ಲಿ ಮೆಟ್ಟಿಲಾಗಿರುತ್ತದೆ. ಮಾರುವವರಲ್ಲಿ ಎಷ್ಟೋ ಜನಕ್ಕೇ ಈ ವ್ಯತ್ಯಾಸ ಗೊತ್ತಿರುವುದಿಲ್ಲ, ಮೋಸ ಮಾಡಬೇಕು ಅಂತಲೇ ಹೇಳುತ್ತಿರುತ್ತಾರೆ ಅಂದುಕೊಳ್ಳಬೇಡಿ.

ಉಬ್ಬು, ತಗ್ಗು ಇನ್ನೊಂದು ಸುಲಭ ಸೂತ್ರ. ಅಚ್ಚಿನಲ್ಲಿ ಗೀರು ಬಿದ್ದರೆ ನಾಣ್ಯದ ಮೇಲೆ ಅದು ಉಬ್ಬಾಗಿ ಮೂಡುತ್ತದೆ. ನಾಣ್ಯಕ್ಕೇ ಗೀರು ಬಿದ್ದರೆ ತಗ್ಗು. 1890-ಸಿಸಿ ಡಾಲರಿನಲ್ಲಿ ಹದ್ದಿನ ಬಾಲದಿಂದ ಕೆಳಗಿನ ಎಲೆಹಾರದವರೆಗೆ ಒಂದು ದಪ್ಪ ಉಬ್ಬುಗೀಟು ಇರುವ ಬಗೆ ಇದೆ. 'ಟೇಲ್ ಬಾರ್' ಅಂತ ಹೆಸರು, ಬೆಲೆ ಜಾಸ್ತಿ. ಅದೇ ಜಾಗದಲ್ಲಿ ಚಾಕು ತಾಗಿದ ತಗ್ಗುಗೀಟು ಇದ್ದರೆ ಅದು ಬರೀ ಗಾಯ.

ಇನ್ನು ಆ ಚಪ್ಪಟೆ ಎದೆಯ ಹದ್ದಿಗೆ ಬನ್ನಿ. 1878ರಲ್ಲಿ ಅದು ಸಾಮಾನ್ಯ. 1879-ಎಸ್ ನಾಣ್ಯದಲ್ಲಿ ಕಂಡರೆ ಹಳೇ ಅಚ್ಚು ಉಳಿದಿದ್ದನ್ನು ಬಳಸಿದ್ದಾರೆ ಅಂತ ಅರ್ಥ, ಒಳ್ಳೇ ಬೆಲೆ ಬರುವ ವೆರೈಟಿ. 1880-ಸಿಸಿಯಲ್ಲೂ ಇದೆ, ಅದೂ ಬೇಕಾದದ್ದೇ. ಆದರೆ 1885ರದ್ದೋ 1893ರದ್ದೋ ನಾಣ್ಯದಲ್ಲಿ ಅದೇ ಚಪ್ಪಟೆ ಎದೆ, ಅದೇ ಸಮ ಗರಿ ಕಂಡರೆ? ಆ ಹೊತ್ತಿಗೆ ಆ ಅಚ್ಚು ಇರಲೇ ಇಲ್ಲ. ಖೋಟಾ ಮಾಡಿದವರು ಕೈಗೆ ಸಿಕ್ಕ ಯಾವುದೋ ವರ್ಷದ ಹಿಂಬದಿ ಜೋಡಿಸಿದ್ದಾರೆ. ಈಚಿನ ಖೋಟಾಗಳಲ್ಲಿ ಇಂಥ ತಪ್ಪು ಎಷ್ಟೋ ಸಲ ಕಾಣುತ್ತದೆ. ವೆರೈಟಿ ಕಲಿತವರ ಕಣ್ಣಿಗೆ ಇದು ಅರೆಕ್ಷಣದಲ್ಲಿ ಬೀಳುತ್ತದೆ, ತಕ್ಕಡಿ ತೆಗೆಯುವುದೇ ಬೇಡ.

ಟಂಕಸಾಲೆಯ ಗುರುತಿನಲ್ಲೂ ಹೀಗೇ. ಹಿಂಬದಿಯಲ್ಲಿ ಎಲೆಹಾರದ ಗಂಟಿನ ಕೆಳಗೆ ಅದು ಇರುತ್ತದೆ. ಫಿಲಡೆಲ್ಫಿಯಾಗೆ ಗುರುತಿಲ್ಲ. ಓ ಅಂದರೆ ನ್ಯೂ ಆರ್ಲಿಯನ್ಸ್, ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೋ, ಸಿಸಿ ಅಂದರೆ ನೆವಾಡದ ಕಾರ್ಸನ್ ಸಿಟಿ. ಡೆನ್ವರಿನ ಡಿ 1921ರಲ್ಲಿ ಮಾತ್ರ. ಸಿಸಿ ಇರುವುದು 1878ರಿಂದ 1885, ಮತ್ತೆ 1889ರಿಂದ 1893. 1887-ಸಿಸಿ ಅಂತ ಒಂದು ನಾಣ್ಯ ಯಾರೋ ನನ್ನ ಸ್ನೇಹಿತರಿಗೆ ತೋರಿಸಿದ್ದರು. ಅಂಥದ್ದು ಹುಟ್ಟೇ ಇಲ್ಲ.

ಪರಿಣತರೂ ನಂಬಿದ ಖೋಟಾ

ಈ ಕಥೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 1899-ಓ ಡಾಲರುಗಳಲ್ಲಿ ಕೆಲವಕ್ಕೆ ಓ ಅಕ್ಷರ ಮಾಮೂಲಿಗಿಂತ ಚಿಕ್ಕದು. 'ಮೈಕ್ರೋ ಓ' ಅನ್ನುತ್ತಾರೆ. ಅಸಲಿ ವೆರೈಟಿ. ಇದೇ ತರಹ ಚಿಕ್ಕ ಓ 1896, 1900, 1902ರ ಡಾಲರುಗಳಲ್ಲೂ ಸಿಕ್ಕಿತ್ತು. ಅವಕ್ಕೂ ವ್ಯಾಮ್ ಸಂಖ್ಯೆ ಕೊಟ್ಟಿದ್ದರು. ದಶಕಗಳ ಕಾಲ ಜನ ಹುಡುಕಿ ಹುಡುಕಿ, ಜಾಸ್ತಿ ದುಡ್ಡು ಕೊಟ್ಟು ಕೊಂಡರು.

ಒಂದು ವಿಷಯ ಮಾತ್ರ ಹೊಂದುತ್ತಿರಲಿಲ್ಲ. ಈ ಮೂರು ಇಸವಿಯ ಚಿಕ್ಕ ಓ ನಾಣ್ಯಗಳಲ್ಲಿ ಒಂದೂ ಹೊಸದಾಗಿ ಉಳಿದದ್ದು ಸಿಗಲಿಲ್ಲ. ಎಲ್ಲವೂ ಚಲಾವಣೆಯಲ್ಲಿ ಸವೆದವು. ಕೊನೆಗೆ ಅವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದಾಗ ಬೇರೆ ಬೇರೆ ಇಸವಿಯ ನಾಣ್ಯಗಳ ಹಿಂಬದಿಯಲ್ಲಿ ಒಂದೇ ಅಚ್ಚಿನ ಗುರುತುಗಳು ಕಂಡವು. ಆರು ವರ್ಷದ ಅಂತರದ ನಾಣ್ಯಗಳಿಗೆ ಟಂಕಸಾಲೆಯಲ್ಲಿ ಒಂದೇ ಅಚ್ಚು ಬಳಸಲು ಸಾಧ್ಯವೇ? 2005ರಲ್ಲಿ ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಪಿಸಿಜಿಎಸ್ ಸಂಸ್ಥೆ ಈ ಮೂರೂ ಖೋಟಾ ಅಂತ ಹೇಳಿತು.

ಆದರೆ ಇವು ಬೆಳ್ಳಿಯವೇ! ಯಾಕೆಂದರೆ ಆ ಕಾಲಕ್ಕೆ ಬೆಳ್ಳಿ ದರ ಬಿದ್ದುಹೋಗಿತ್ತು. ಒಂದು ಡಾಲರಿನಲ್ಲಿದ್ದ ಬೆಳ್ಳಿಯ ಬೆಲೆ ಅರ್ಧ ಡಾಲರಿನ ಆಸುಪಾಸು. ಒಳ್ಳೇ ಬೆಳ್ಳಿ ಹಾಕಿ ಡಾಲರ್ ಅಚ್ಚು ಹಾಕಿದರೂ ಖೋಟಾದವರಿಗೆ ಲಾಭವೇ. ಹಾಗಾಗಿ ತೂಕ, ಅಯಸ್ಕಾಂತ, ನೀರಿನ ಪರೀಕ್ಷೆ ಯಾವುದನ್ನು ನೆಚ್ಚಿಕೊಂಡರೂ ಇವು ಸಿಕ್ಕಿಬೀಳುತ್ತಿರಲಿಲ್ಲ. ಸಿಕ್ಕಿಬಿದ್ದದ್ದು ಅಚ್ಚು ಓದಿದ್ದರಿಂದ ಮಾತ್ರ.

ಸೇರಿಸಿದ ಅಕ್ಷರ, ಕೆರೆದ ಅಕ್ಷರ

ಎಲ್ಲಕ್ಕಿಂತ ಹುಷಾರಾಗಿರಬೇಕಾದದ್ದು ಅಸಲಿ ನಾಣ್ಯವನ್ನೇ ತಿದ್ದಿದ್ದರ ಬಗ್ಗೆ. ತೂಕ ಸರಿ, ಬೆಳ್ಳಿ ಸರಿ, ಅಂಚು ಸರಿ. ಒಂದು ಅಕ್ಷರ ಮಾತ್ರ ಸುಳ್ಳು.

1889ರಲ್ಲಿ ಫಿಲಡೆಲ್ಫಿಯಾದಲ್ಲಿ 2 ಕೋಟಿ 17 ಲಕ್ಷ ಡಾಲರ್ ಅಚ್ಚಾದವು. ಕಾರ್ಸನ್ ಸಿಟಿಯಲ್ಲಿ 3.5 ಲಕ್ಷ. ಅಗ್ಗದ ಮೊದಲನೆಯದಕ್ಕೆ ಎರಡು ಸಿ ಅಂಟಿಸಿದರೆ ದುಬಾರಿ ಎರಡನೆಯದು ತಯಾರು. 1895ರದ್ದು ತಿರುಗುಮುರುಗು. ಆ ವರ್ಷ ಫಿಲಡೆಲ್ಫಿಯಾದವು ಅಂತ ಉಳಿದಿರುವುದು ಸಂಗ್ರಹಕಾರರಿಗೆಂದು ಮಾಡಿದ 880 ಪ್ರೂಫ್ ನಾಣ್ಯಗಳ ಪೈಕಿಯವು ಮಾತ್ರ. ಹಾಗಾಗಿ 1895-ಓ ಅಥವಾ 1895-ಎಸ್ ನಾಣ್ಯದ ಅಕ್ಷರ ಕೆರೆದು ತೆಗೆಯುತ್ತಾರೆ. ಅಂಟಿಸಿದ ಅಕ್ಷರದ ಬುಡದಲ್ಲಿ ಸುತ್ತ ಒಂದು ಸಣ್ಣ ಗೆರೆ, ಬಣ್ಣದಲ್ಲಿ ಚೂರು ವ್ಯತ್ಯಾಸ ಇರುತ್ತದೆ. ಕೆರೆದ ಜಾಗದಲ್ಲಿ ಬೆಳಕು ಬಿದ್ದರೆ ಸುತ್ತಲಿನ ಮೈಯಂತೆ ಹೊಳೆಯುವುದಿಲ್ಲ. ದೀಪ ಪಕ್ಕದಿಂದ ಹಿಡಿಯಿರಿ ಅಂದದ್ದು ಇದಕ್ಕೇ.

ಮಾರ್ಗನ್ ಡಾಲರುಗಳಲ್ಲಿ ದೊಡ್ಡ ಹೆಸರು 1893-ಎಸ್. ಅಚ್ಚಾದದ್ದು ಒಂದು ಲಕ್ಷ ಮಾತ್ರ. ಅದೇ ವರ್ಷದ ಫಿಲಡೆಲ್ಫಿಯಾ ಡಾಲರಿಗೆ ಎಸ್ ಅಂಟಿಸುವವರಿದ್ದಾರೆ. 1898-ಎಸ್ ನಾಣ್ಯದ ಕೊನೆಯ 8ನ್ನು 3 ಮಾಡುವವರೂ ಇದ್ದಾರೆ. ಇಲ್ಲಿ ಎಸ್ ಅಕ್ಷರವನ್ನಷ್ಟೇ ನೋಡುತ್ತಾ ಕೂರಬೇಡಿ, ಮುಂಬದಿ ತಿರುಗಿಸಿ. ಅಷ್ಟೂ ನಾಣ್ಯಕ್ಕೆ ಮುಂಬದಿಗೆ ಬಳಸಿದ್ದು ಒಂದೇ ಅಚ್ಚು. ಕಿರೀಟದ ಪಟ್ಟಿಯ ಮೇಲೆ ಲಿಬರ್ಟಿ ಅಂತ ಇಂಗ್ಲಿಷಿನಲ್ಲಿ ಬರೆದಿದೆಯಲ್ಲ, ಅದರ ಟಿ ಅಕ್ಷರದ ತಲೆಭಾಗದಲ್ಲಿ ಒಂದು ಸಣ್ಣ ಓರೆಗೀಟು ಉಬ್ಬಾಗಿ ಇರುತ್ತದೆ. ಇಸವಿಯ 1 ಅಂಕಿ ಅಂಚಿನ ಹಲ್ಲುಸಾಲಿನ ಒಂದು ಹಲ್ಲಿನ ನೇರಕ್ಕೆ ಕೂತಿರುತ್ತದೆ. ಇವಿಲ್ಲದಿದ್ದರೆ ಎಸ್ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಇಷ್ಟು ದೊಡ್ಡ ಬೆಲೆಯ ನಾಣ್ಯದ ಹಣೆಬರಹ ಆ ಕೂದಲೆಳೆಯಂಥ ಗೀಟಿನಲ್ಲಿದೆ!

ತಕ್ಕಡಿ, ಅಯಸ್ಕಾಂತ, ನೀರು

ಈಗಿನ ಖೋಟಾಗಳಲ್ಲಿ ಬಹುಪಾಲು ಅಷ್ಟು ಜಾಣತನದವಲ್ಲ. ಹಿತ್ತಾಳೆಯದ್ದೋ ಬೇರೆ ಲೋಹದ್ದೋ ಬಿಲ್ಲೆಗೆ ಬೆಳ್ಳಿ ನೀರು ಕುಡಿಸಿರುತ್ತಾರೆ. ಅವಕ್ಕೆ ಮನೆಯ ಪರೀಕ್ಷೆ ಸಾಕು. ಯಾವ ಪರೀಕ್ಷೆ ಏನನ್ನು ಹಿಡಿಯುತ್ತದೆ ಅನ್ನುವುದು ಗೊತ್ತಿರಲಿ.

ಅಯಸ್ಕಾಂತ ಕಬ್ಬಿಣದಂಥ ಲೋಹ ಇದ್ದರೆ ಮಾತ್ರ ಹಿಡಿಯುತ್ತದೆ. ಅಂಟಲಿಲ್ಲ ಅಂದ ಮಾತ್ರಕ್ಕೆ ಬೆಳ್ಳಿ ಅಂತ ಅಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. ಜೋರಾದ ಅಯಸ್ಕಾಂತದ ಮೇಲೆ ಬೆಳ್ಳಿ ನಿಧಾನವಾಗಿ ಜಾರುತ್ತದೆ ಅಂತ ಹೇಳುತ್ತಾರೆ. ನಿಜ, ಆದರೆ ತಾಮ್ರವೂ ಹಾಗೇ ಜಾರುತ್ತದೆ.

ಆರಿಸಿಕೊಳ್ಳಿ ಅಂದರೆ ನಾನು ಮೊದಲು ತಕ್ಕಡಿಗೇ ದುಡ್ಡು ಹಾಕುತ್ತೇನೆ. ನೂರನೇ ಒಂದು ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬಹಳ ಅಗ್ಗ. ಸವೆಯದ ಮಾರ್ಗನ್ 26.73ರಿಂದ ಹತ್ತನೇ ಒಂದು ಗ್ರಾಂಗಿಂತ ಜಾಸ್ತಿ ಆಚೀಚೆ ಹೋಗಬಾರದು. ಸವಕಲಾದದ್ದು ಕಡಿಮೆ ತೂಗುತ್ತದೆ, ಜಾಸ್ತಿ ತೂಗಲು ಕಾರಣವಿಲ್ಲ. ಮೊದಲ ವರ್ಷ ನಾನು ವಾರಾಂತ್ಯದ ಒಂದು ಸಂತೆಯಲ್ಲಿ 1889-ಸಿಸಿ ಕೊಂಡೆ. ಮುಖ ಚೂಪಾಗಿತ್ತು, ಹೊಳಪಿತ್ತು. ಮನೆಗೆ ಬಂದು ತೂಗಿದರೆ 22.4 ಗ್ರಾಂ. ಆ ದಿನ ತಕ್ಕಡಿ ಜೇಬಿನಲ್ಲಿದ್ದಿದ್ದರೆ ಒಂದು ನಿಮಿಷದ ಕೆಲಸ. ಈಗ ಅದಿಲ್ಲದೆ ನಾನು ಮೇಳಕ್ಕೆ ಹೋಗುವುದಿಲ್ಲ.

ತೂಕ ಸರಿಯಿದ್ದರೆ ನೀರು. ಒಂದು ಲೋಟ ನೀರನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳ್ಳಗಿನ ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಮೈಗೆ ಅಂಟಿದ ಗಾಳಿಗುಳ್ಳೆಗಳನ್ನು ಒಮ್ಮೆ ಅಲುಗಿಸಿ ಬಿಡಿಸಿ. ತಕ್ಕಡಿ 2.58ರ ಸುಮಾರು ತೋರಿಸಬೇಕು. ನಾಣ್ಯದ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ 10.3ರ ಹತ್ತಿರ ಬರುತ್ತದೆ, ಅದು 90 ಪಾಲು ಬೆಳ್ಳಿಯ ಸಾಂದ್ರತೆ. ಹಿತ್ತಾಳೆಯದನ್ನು ದಪ್ಪ ಮಾಡಿ 26.73 ತೂಗುವಂತೆ ಮಾಡಿದ್ದರೆ ತಕ್ಕಡಿ 3 ದಾಟುತ್ತದೆ. ನಾಣ್ಯಕ್ಕೆ ಏನೂ ಆಗುವುದಿಲ್ಲ. ಒದ್ದೆಯಾದದ್ದನ್ನು ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಹುಣಸೆಹಣ್ಣು, ಟೂತ್‌ಪೇಸ್ಟ್ ಹತ್ತಿರಕ್ಕೂ ತರಬೇಡಿ. ದೇವರ ಪಾತ್ರೆ ಉಜ್ಜಿದ ಹಾಗೆ ಹಳೇ ನಾಣ್ಯ ಉಜ್ಜಿದರೆ ಬೆಲೆ ಅರ್ಧಕ್ಕೆ ಬಿದ್ದರೂ ಆಶ್ಚರ್ಯವಿಲ್ಲ.

ಎರಕ ಹೊಯ್ದ ಖೋಟಾ ಇದ್ದರೆ ಮೈಯೆಲ್ಲ ಸಣ್ಣ ಗುಳ್ಳೆ, ತೂತು, ಅಂಚಿನಲ್ಲಿ ಜೋಡಿಸಿದ ಗೆರೆ ಕಾಣುತ್ತದೆ. ಅಸಲಿ ನಾಣ್ಯದಿಂದ ಅಚ್ಚು ತೆಗೆದು ಒತ್ತಿದ ಖೋಟಾ ಇನ್ನೂ ಕಷ್ಟ. ಆ ಅಸಲಿ ನಾಣ್ಯದ ಮೈಮೇಲಿದ್ದ ಗಾಯಗಳೂ ಅಚ್ಚಿಗೆ ಬಂದಿರುತ್ತವೆ. ಒಂದೇ ಮಾರಾಟಗಾರರ ಹತ್ತಿರ ಎರಡು ಡಾಲರಿಗೆ ಕೆನ್ನೆಯ ಮೇಲೆ ಅದೇ ಜಾಗದಲ್ಲಿ ಅದೇ ಆಕಾರದ ಏಟು ಇದ್ದರೆ ಎರಡನ್ನೂ ಬಿಡಿ.

ಡಬ್ಬಿಯಲ್ಲಿರುವುದೋ, ಬಿಡಿಯೋ

ಪಿಸಿಜಿಎಸ್, ಎನ್‌ಜಿಸಿಯಂಥ ಸಂಸ್ಥೆಗಳು ನಾಣ್ಯ ಪರೀಕ್ಷಿಸಿ, ದರ್ಜೆ ಬರೆದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ. ಸ್ಲ್ಯಾಬ್ ಅನ್ನುತ್ತಾರೆ. 1893-ಎಸ್, 1889-ಸಿಸಿ, 1895 ಇಂಥವನ್ನು ಬಿಡಿಯಾಗಿ ಕೊಳ್ಳಲೇಬೇಡಿ. ಡಬ್ಬಿಯನ್ನೂ ಖೋಟಾ ಮಾಡುತ್ತಾರೆ, ಆದ್ದರಿಂದ ಅದರ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ತಾಣದಲ್ಲಿ ಹಾಕಿ ನೋಡಿ. ಸಂಖ್ಯೆ ಸಿಕ್ಕಿದರಷ್ಟೇ ಸಾಲದು, ಯಾರದ್ದೋ ಅಸಲಿ ಡಬ್ಬಿಯ ಸಂಖ್ಯೆ ಕದ್ದಿರಬಹುದು. ಅಲ್ಲಿ ಚಿತ್ರ ಇದ್ದರೆ ನಾಣ್ಯದ ಗೀರು, ಕಲೆಗಳನ್ನು ಒಂದೊಂದಾಗಿ ಹೋಲಿಸಿ.

ಸಾಧಾರಣ ಇಸವಿಯದ್ದಾದರೆ ನಾನು ಬಿಡಿ ನಾಣ್ಯವೇ ಆರಿಸುತ್ತೇನೆ. ಡಬ್ಬಿಯ ದುಡ್ಡು ನಾಣ್ಯದ ಬೆಲೆಯ ಮೇಲೆ ಕೂರುತ್ತದೆ, ಅಂಚು ನೋಡಲು ಆಗುವುದಿಲ್ಲ, ತೂಗಲೂ ಆಗುವುದಿಲ್ಲ. ಕಲಿಯುವವರ ಕೈಗೆ ನಾಣ್ಯ ಸಿಗಬೇಕು. ಇನ್ನೊಂದು ಲಾಭವೂ ಇದೆ. ಬಹಳಷ್ಟು ಡಬ್ಬಿಗಳ ಮೇಲೆ ವೆರೈಟಿ ಬರೆದಿರುವುದಿಲ್ಲ, ಮಾರುವವರೂ ನೋಡಿರುವುದಿಲ್ಲ. ಸಾಧಾರಣ ಬೆಲೆಗೆ ವೆರೈಟಿ ಸಿಗುವುದು ಹೀಗೇ.

ಫೋನ್ ಮಾಡಿದ ಗೆಳೆಯರ ಎರಡು ಡಾಲರಿಗೆ ಬರುತ್ತೇನೆ. ನಾಲ್ಕು ಪಟ್ಟು ಕೇಳುತ್ತಿದ್ದದ್ದು 1900-ಓ. ಚಿತ್ರ ಕಳಿಸಿ ಅಂದೆ. ಈ ಒಂದೇ ನಾಣ್ಯಕ್ಕೆ ಎರಡು ಸಾಧ್ಯತೆ ಇದೆ. ಕಾರ್ಸನ್ ಸಿಟಿಯಲ್ಲಿ 1893ಕ್ಕೆ ಡಾಲರ್ ಅಚ್ಚು ನಿಂತ ಮೇಲೆ ಉಳಿದ ಹಿಂಬದಿ ಅಚ್ಚುಗಳನ್ನು ವಾಪಸ್ ತರಿಸಿ, ಸಿಸಿ ಮೇಲೆ ಓ ಬಡಿದು, ನ್ಯೂ ಆರ್ಲಿಯನ್ಸಿಗೆ ಕಳಿಸಿದ್ದರು. ಅದು ಅಸಲಿ ವೆರೈಟಿ, ಹೆಚ್ಚು ಕೊಡಬಹುದು. ಅದೇ ಇಸವಿಯ ಚಿಕ್ಕ ಓ ಆದರೆ ಆ 2005ರಲ್ಲಿ ಬಯಲಾದ ಖೋಟಾ. ಚಿತ್ರ ದೊಡ್ಡದು ಮಾಡಿ ನೋಡಿದೆ. ಓ ಮಾಮೂಲಿ ಗಾತ್ರದ್ದು. ಅದರ ಎಡಕ್ಕೆ, ಬಲಕ್ಕೆ ಎರಡು ಸಿಗಳ ಬೆನ್ನು ಮಸುಕಾಗಿ ಉಬ್ಬಿತ್ತು. "ತೂಗಿ ನೋಡಿದ್ರಾ?" ಅಂದೆ. 26.6 ಅಂದರು. ತಗೊಳ್ಳಿ ಅಂದೆ, ನಾಲ್ಕು ಪಟ್ಟು ಬೇಡ, ಎರಡು ಪಟ್ಟಿಗೆ ಕೇಳಿ ನೋಡಿ.